ಜರ್ಮನಿಯಲ್ಲಿ ಓದು ಫ್ರೀ ಅಂತಾರೆ, ಹಾಗಾದರೆ 12 ಲಕ್ಷ ಯಾಕೆ?

ಪ್ರಶ್ನೆ: ನಮ್ಮದು ದಾವಣಗೆರೆ. ಮಗಳು ಇಲ್ಲೇ ವಿಟಿಯು ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದಾಳೆ, 7ನೇ ಸೆಮಿಸ್ಟರ್. ಸಿಜಿಪಿಎ 8.2, ಬ್ಯಾಕ್‌ಲಾಗ್ ಇಲ್ಲ. ಮುಂದಿನ ಅಕ್ಟೋಬರ್‌ಗೇ ಜರ್ಮನಿಗೆ ಎಂಎಸ್ ಮಾಡಲು ಹೋಗಬೇಕು ಅನ್ನುತ್ತಾಳೆ. ಅಲ್ಲಿ ಓದು ಫ್ರೀ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಕನ್ಸಲ್ಟೆನ್ಸಿಯವರು ಒಂದು ಖಾಸಗಿ ಯೂನಿವರ್ಸಿಟಿ ತೋರಿಸಿ, ಸೀಟು ಗ್ಯಾರಂಟಿ, ಒಂದು ಲಕ್ಷ ಅಡ್ವಾನ್ಸ್ ಕಟ್ಟಿ ಅನ್ನುತ್ತಿದ್ದಾರೆ. ಅದರ ಮೇಲೆ 12 ಲಕ್ಷ ಬೇರೆ ತೋರಿಸಬೇಕಂತೆ. ನಮ್ಮ ಮನೆಯವರದು ಸಣ್ಣ ಹಾರ್ಡ್‌ವೇರ್ ಅಂಗಡಿ. ಸ್ವಂತ ಮನೆ ಒಂದಿದೆ, ಅದನ್ನು ಅಡ ಇಡಬೇಕಾ? ಒಂದು ವರ್ಷ ತಡ ಮಾಡಿದರೆ ನೆಂಟರು ಮದುವೆ ಮಾತು ಎತ್ತುತ್ತಾರೆ ಅನ್ನುವುದು ಅವಳ ಭಯ. ಅಲ್ಲಿ ಒಬ್ಬಳೇ ಹೇಗಿರುತ್ತಾಳೆ ಅನ್ನುವುದು ನನ್ನ ಚಿಂತೆ.

ಉತ್ತರ: ಮೊದಲ ಮಾತು, ಆ ಒಂದು ಲಕ್ಷ ಕಟ್ಟಬೇಡಿ. ಎರಡನೆಯದು ನಿಮ್ಮ ಮಗಳಿಗೆ ಇಷ್ಟ ಆಗಲಿಕ್ಕಿಲ್ಲ, ಆದರೂ ಹೇಳಲೇಬೇಕು. ಮುಂದಿನ ಅಕ್ಟೋಬರ್ ಬಿಟ್ಟುಬಿಡಿ, ಅದರ ಮುಂದಿನ ಅಕ್ಟೋಬರ್‌ಗೆ ಹೋಗಲಿ. ನಡುವಿನ ವರ್ಷವನ್ನು ಜರ್ಮನ್ ಭಾಷೆಗೆ ಮತ್ತು ಒಂದು ಕೆಲಸಕ್ಕೆ ಕೊಡಲಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಫ್ರೀ ಅನ್ನುವ ಮಾತು ಸುಳ್ಳಲ್ಲ, ಅರ್ಧ ನಿಜ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕೋರ್ಸ್‌ಗಳಿಗೆ ಬೋಧನಾ ಶುಲ್ಕ ಇಲ್ಲ, ಹೊರದೇಶದವರಿಗೂ ಇಲ್ಲ. ಪ್ರತಿ ಸೆಮಿಸ್ಟರ್‌ಗೆ ಒಂದು ವಂತಿಗೆ ಇರುತ್ತದೆ. ಊರಿಗೆ ತಕ್ಕಂತೆ 100ರಿಂದ 350 ಯೂರೋ ಆಸುಪಾಸು. ಬಹಳ ಕಡೆ ಬಸ್ಸು, ರೈಲಿನ ಪಾಸು ಅದರಲ್ಲೇ ಸೇರಿರುತ್ತದೆ. ಆದರೆ ಎಲ್ಲ ಕಡೆ ಹೀಗೇ ಇದೆ ಅಂದುಕೊಳ್ಳಬೇಡಿ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಮೆಕ್ಯಾನಿಕಲ್‌ಗೆ ಹೆಸರಾದ ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ ಎರಡೂ ಇರುವುದು ಅದೇ ರಾಜ್ಯದಲ್ಲಿ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಹೊಸದಾಗಿ ಶುಲ್ಕ ಹಾಕಿದೆ. ಅಲ್ಲಿ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ. ಹಳೆಯ ವಿಡಿಯೋ ನೋಡಿಕೊಂಡು ಮ್ಯೂನಿಕ್ ಫ್ರೀ ಅಂತ ಲೆಕ್ಕ ಹಾಕಿದವರು ಇವತ್ತಿಗೂ ನನ್ನ ಹತ್ತಿರ ಬರುತ್ತಾರೆ. ಸರ್ಕಾರಿ ವಿವಿಗಳಲ್ಲೂ ಇಂಗ್ಲಿಷ್‌ನಲ್ಲಿ ನಡೆಯುವ ಕೆಲವು ವಿಶೇಷ ಕೋರ್ಸ್‌ಗಳಿಗೆ ಫೀಸ್ ಇದೆ. ಹಾಗಾಗಿ ಆಯಾ ಕೋರ್ಸ್‌ನ ಪುಟವನ್ನೇ ತೆರೆದು ನೋಡಬೇಕು.

ಖಾಸಗಿ ಯೂನಿವರ್ಸಿಟಿಯ ಕಥೆ ಬೇರೆ. ಅಲ್ಲಿ ವರ್ಷಕ್ಕೆ 10 ಸಾವಿರ ಯೂರೋ ಮೇಲೆ ಫೀಸ್ ಇರುವುದು ಸಾಮಾನ್ಯ. ಯೂರೋಗೆ 100 ರೂಪಾಯಿ ಅಂತ ಹಿಡಿದರೂ ಎರಡು ವರ್ಷಕ್ಕೆ 20 ಲಕ್ಷ ಫೀಸಿಗೇ ಹೋಯಿತು, ಊಟ, ಬಾಡಿಗೆ ಬೇರೆ. ಕನ್ಸಲ್ಟೆನ್ಸಿಯವರು ಅದನ್ನೇ ಯಾಕೆ ತೋರಿಸುತ್ತಾರೆ? ಖಾಸಗಿಯವರು ಒಂದೊಂದು ಅಡ್ಮಿಷನ್‌ಗೂ ಕಮಿಷನ್ ಕೊಡುತ್ತಾರೆ. ಸರ್ಕಾರಿ ವಿವಿಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಎಲ್ಲ ಖಾಸಗಿಯೂ ಕೆಟ್ಟದ್ದು ಅಂತಲ್ಲ. ಆದರೆ ಸ್ವಲ್ಪ ಆನ್‌ಲೈನ್, ಸ್ವಲ್ಪ ಕ್ಲಾಸು ಅನ್ನುವ ಹೈಬ್ರಿಡ್ ಕೋರ್ಸ್ ಆಗಿದ್ದರೆ ವೀಸಾಗೇ ಕುತ್ತು. ಜರ್ಮನಿಯಲ್ಲೇ ಇದ್ದು ಓದುವ ಅಗತ್ಯ ಇದೆಯಾ ಅಂತ ಅಲ್ಲಿನ ಅಧಿಕಾರಿಗಳು ಕೇಳುತ್ತಾರೆ. 2025ರಲ್ಲಿ ಬರ್ಲಿನ್‌ನಲ್ಲಿ ಇದೇ ಕಾರಣಕ್ಕೆ ನಮ್ಮ ಹುಡುಗರು ಕೆಲವರಿಗೆ ದೇಶ ಬಿಡಿ ಅಂತ ನೋಟಿಸ್ ಬಂದಿತ್ತು. 8.2 ಸಿಜಿಪಿಎ ಇರುವ ಹುಡುಗಿ ಇಂಥ ಕಡೆ ದುಡ್ಡು ಸುರಿಯುವ ಅಗತ್ಯ ಖಂಡಿತ ಇಲ್ಲ.

ಆ 8.2 ಜರ್ಮನಿಯಲ್ಲಿ ಎಷ್ಟಾಗುತ್ತದೆ ನೋಡೋಣ. ಈ ಲೆಕ್ಕವನ್ನು ಮನೆಯಲ್ಲೇ ಮಾಡಬಹುದು. ಅಲ್ಲಿ 1 ಅಂದರೆ ಎಲ್ಲಕ್ಕಿಂತ ಒಳ್ಳೆಯ ಗ್ರೇಡ್, 4 ಅಂದರೆ ಬರೀ ಪಾಸು. ನಮ್ಮ ಅಂಕವನ್ನು ಅವರ ಗ್ರೇಡಿಗೆ ಬದಲಿಸಲು ಬವೇರಿಯನ್ ಸೂತ್ರ ಅಂತ ಒಂದಿದೆ. ಗರಿಷ್ಠ ಅಂಕದಿಂದ ಮಗಳ ಅಂಕ ಕಳೆಯಿರಿ: 10ರಲ್ಲಿ 8.2 ಹೋದರೆ 1.8. ಅದನ್ನು, ಗರಿಷ್ಠ ಅಂಕದಿಂದ ಪಾಸಾಗಲು ಬೇಕಾದ ಕನಿಷ್ಠ ಅಂಕ ಕಳೆದು ಬಂದದ್ದರಿಂದ ಭಾಗಿಸಿ. ಬಂದದ್ದನ್ನು 3ರಿಂದ ಗುಣಿಸಿ 1 ಕೂಡಿಸಿ. ಕನಿಷ್ಠ ಅಂಕ 4 ಅಂತ ತೆಗೆದುಕೊಂಡರೆ 1.9 ಬರುತ್ತದೆ. 5 ಅಂತ ತೆಗೆದುಕೊಂಡರೆ 2.08. ಅದೇ ಹುಡುಗಿ, ಅದೇ ಮಾರ್ಕ್ಸ್, ಆದರೆ 2.0ಗೆ ಗೆರೆ ಎಳೆಯುವ ಕೋರ್ಸ್‌ನಲ್ಲಿ ಒಂದು ಲೆಕ್ಕಕ್ಕೆ ಒಳಗೆ, ಇನ್ನೊಂದಕ್ಕೆ ಹೊರಗೆ. ಹಾಗಾಗಿ ವಿಟಿಯುನಿಂದ ಟ್ರಾನ್ಸ್‌ಕ್ರಿಪ್ಟ್ ತರಿಸುವಾಗ ಗ್ರೇಡಿಂಗ್ ನಿಯಮದ ವಿವರ ಅದರಲ್ಲಿ ಸ್ಪಷ್ಟವಾಗಿ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಬೇರೆಯಾಗಿ ಕೇಳಿ ಪಡೆಯಿರಿ. 2.5ರವರೆಗೆ ತೆಗೆದುಕೊಳ್ಳುವ ಕೋರ್ಸ್‌ಗಳು ಬೇಕಾದಷ್ಟಿವೆ. ಹಾಗಾಗಿ ಮಾರ್ಕ್ಸ್ ಬಗ್ಗೆ ನನಗೆ ಚಿಂತೆ ಇಲ್ಲ.

ಮಾರ್ಕ್ಸ್‌ನಷ್ಟೇ ಮುಖ್ಯವಾದದ್ದು ವಿಷಯ ಹೊಂದಾಣಿಕೆ. ಇಲ್ಲಿನವರು ಇದನ್ನು ಗಮನಿಸುವುದೇ ಕಡಿಮೆ. ಥರ್ಮೋಡೈನಮಿಕ್ಸ್‌ಗೆ ಇಷ್ಟು ಕ್ರೆಡಿಟ್, ಗಣಿತಕ್ಕೆ ಇಷ್ಟು ಕ್ರೆಡಿಟ್ ಓದಿರಬೇಕು ಅಂತ ಒಂದೊಂದು ಕೋರ್ಸೂ ಕೇಳುತ್ತದೆ. 9 ಸಿಜಿಪಿಎ ಇದ್ದವರನ್ನೂ ಕ್ರೆಡಿಟ್ ಸಾಲದು ಅಂತ ತಿರಸ್ಕರಿಸುತ್ತಾರೆ. ಮಗಳು ತನ್ನ ಸಿಲಬಸ್ ಮತ್ತು ಅಲ್ಲಿನ ಕೋರ್ಸ್ ಕೈಪಿಡಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ತಾನೇ ಹೋಲಿಸಬೇಕು. ಈ ಕೆಲಸವನ್ನು ಯಾವ ಏಜೆಂಟೂ ಸರಿಯಾಗಿ ಮಾಡಿಕೊಡುವುದಿಲ್ಲ. ಕೋರ್ಸ್ ಹುಡುಕಲು ಜರ್ಮನಿಯ ಡಿಎಎಡಿ ಸಂಸ್ಥೆಯ ವೆಬ್‌ಸೈಟ್ ಇದೆ, ದುಡ್ಡು ಕೊಡಬೇಕಿಲ್ಲ. ಬಹಳ ವಿವಿಗಳಿಗೆ ಅರ್ಜಿ ಹೋಗುವುದು ಯೂನಿ-ಅಸಿಸ್ಟ್ ಅನ್ನುವ, ಅರ್ಜಿ ಪರಿಶೀಲಿಸುವ ಸಂಸ್ಥೆಯ ಮೂಲಕ. ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರ್‌ನ ಮುಂದಿನ ಒಂದೊಂದಕ್ಕೂ 30 ಯೂರೋ. ಆರೇಳು ಕೋರ್ಸ್‌ಗೆ ಹಾಕಿದರೂ 25–30 ಸಾವಿರ ರೂಪಾಯಿ ಒಳಗೆ ಮುಗಿಯುತ್ತದೆ. ಏಜೆಂಟ್ ಕೇಳಿದ ಒಂದು ಲಕ್ಷ ಯಾವುದಕ್ಕೆ ಅಂತ ಈಗ ನೀವೇ ಯೋಚಿಸಿ.

ಇನ್ನು ಅಕ್ಟೋಬರ್ ವಿಷಯ. ಅಕ್ಟೋಬರ್‌ನ ಚಳಿಗಾಲದ ಸೆಮಿಸ್ಟರ್‌ಗೆ ಕೆಲವು ಕಡೆ ಮಾರ್ಚ್‌ನಲ್ಲೇ ಅರ್ಜಿ ಮುಗಿಯುತ್ತದೆ, ಕೆಲವು ಕಡೆ ಮೇ 31, ಕೆಲವು ಕಡೆ ಜುಲೈ 15. ಅಷ್ಟರೊಳಗೆ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದಿರಬೇಕು, ಸಾಮಾನ್ಯವಾಗಿ 6.5 ಅಂಕ ಕೇಳುತ್ತಾರೆ. ಎಪಿಎಸ್ ಸರ್ಟಿಫಿಕೇಟ್ ಕೈಯಲ್ಲಿರಬೇಕು. ದೆಹಲಿಯ ಜರ್ಮನ್ ರಾಯಭಾರ ಕಚೇರಿಯ ಒಂದು ವಿಭಾಗ ನಮ್ಮ ಮಾರ್ಕ್ಸ್‌ಕಾರ್ಡ್‌ಗಳು ಅಸಲಿಯೇ ಅಂತ ಪರೀಕ್ಷಿಸಿ ಕೊಡುವ ಪತ್ರ ಇದು. 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳಿಗೆ ಕಡ್ಡಾಯ. ಶುಲ್ಕ 18,000 ರೂಪಾಯಿ. ಎಲ್ಲರೂ ಒಟ್ಟಿಗೆ ಮುಗಿಬೀಳುವ ತಿಂಗಳುಗಳಲ್ಲಿ ಇದು ಬರುವುದು ತಡ. ನಿಮ್ಮ ಮಗಳ 8ನೇ ಸೆಮಿಸ್ಟರ್ ಮುಗಿಯುವುದೇ ಜೂನ್ ಹೊತ್ತಿಗೆ. ಫಲಿತಾಂಶ, ಪ್ರೊವಿಷನಲ್ ಸರ್ಟಿಫಿಕೇಟ್, ಟ್ರಾನ್ಸ್‌ಕ್ರಿಪ್ಟ್ ಬರುವಷ್ಟರಲ್ಲಿ ಆಗಸ್ಟ್. ಆಮೇಲೆ ಸಾಲ, ಆ 12 ಲಕ್ಷ ಇಡುವ ಬ್ಲಾಕ್ಡ್ ಅಕೌಂಟ್, ವೀಸಾ. ಓಡಾಡಿ ಮಾಡಿದವರೂ ಇದ್ದಾರೆ. ಆದರೆ ಎಷ್ಟೋ ಮಂದಿಯ ವೀಸಾ ಬರುವುದು ಕ್ಲಾಸ್ ಶುರುವಾದ ಮೇಲೆ. ನವೆಂಬರ್‌ನ ಚಳಿಯಲ್ಲಿ, ರೂಮಿಲ್ಲದೆ, ಪಾಠ ತಪ್ಪಿಸಿಕೊಂಡು ಹೋಗಿ ಇಳಿಯುವ ಮಕ್ಕಳ ಪಾಡು ನೋಡಿದರೆ ಹೊಟ್ಟೆ ಉರಿಯುತ್ತದೆ.

ತಡ ಮಾಡಿ ಅನ್ನುವುದಕ್ಕೆ ದೊಡ್ಡ ಕಾರಣ ಕಾಗದ ಪತ್ರ ಅಲ್ಲ, ಭಾಷೆ. ಇಂಗ್ಲಿಷ್ ಕೋರ್ಸ್ ಇದೆ, ಜರ್ಮನ್ ಬೇಡ ಅಂತ ಹೇಳುವವರು ಅಡ್ಮಿಷನ್ ಬಗ್ಗೆ ಮಾತ್ರ ಹೇಳುತ್ತಿರುತ್ತಾರೆ. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಇಂಗ್ಲಿಷ್‌ನಲ್ಲೇ ಕೆಲಸ ಸಿಗುವ ಕಂಪನಿಗಳು ಒಂದಷ್ಟಿವೆ. ಮೆಕ್ಯಾನಿಕಲ್‌ನಲ್ಲಿ ಹಾಗಿಲ್ಲ. ಜರ್ಮನಿಯ ಯಂತ್ರೋದ್ಯಮದ ಬೆನ್ನೆಲುಬೇ ಸಣ್ಣ ಊರುಗಳಲ್ಲಿರುವ ಮಧ್ಯಮ ಗಾತ್ರದ ಕಾರ್ಖಾನೆಗಳು. ಅಲ್ಲಿ ಶಾಪ್ ಫ್ಲೋರ್‌ನಲ್ಲಿ ಮಾತಾಡುವುದು ಜರ್ಮನ್. ಓದುವಾಗ ಕಂಪನಿಯಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡುವುದಕ್ಕೆ ವೆರ್ಕ್‌ಸ್ಟುಡೆಂಟ್ ಅನ್ನುತ್ತಾರೆ. ಅದಕ್ಕೇ ಬಿ1, ಬಿ2 ಮಟ್ಟದ ಜರ್ಮನ್ ಕೇಳುತ್ತಾರೆ (ಭಾಷೆಯ ಮೊದಲ ಮೆಟ್ಟಿಲು ಎ1, ಇವು ನಡುವಿನ ಮೆಟ್ಟಿಲುಗಳು). ಭಾಷೆ ಇಲ್ಲದವರು ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುತ್ತಾರೆ, ಸೈಕಲ್ ಮೇಲೆ ಊಟ ತಲುಪಿಸುತ್ತಾರೆ. ಮರ್ಯಾದೆಯ ಕೆಲಸವೇ, ಆದರೆ ಎಂಎಸ್ ಮುಗಿದ ಮೇಲೆ ಬಯೋಡೇಟಾದಲ್ಲಿ ಅದು ಏನನ್ನೂ ಹೇಳುವುದಿಲ್ಲ.

ಈಗ ಅಲ್ಲಿನ ವಾಹನ ಉದ್ಯಮದ ಸ್ಥಿತಿಯೂ ಚೆನ್ನಾಗಿಲ್ಲ. ಫೋಕ್ಸ್‌ವ್ಯಾಗನ್ 2030ರ ಒಳಗೆ ಜರ್ಮನಿಯಲ್ಲಿ 35 ಸಾವಿರಕ್ಕೂ ಹೆಚ್ಚು ಹುದ್ದೆ ಕಡಿಮೆ ಮಾಡುವುದಾಗಿ 2024ರ ಡಿಸೆಂಬರ್‌ನಲ್ಲಿ ಒಪ್ಪಂದ ಮಾಡಿಕೊಂಡಿತು. ಬಿಡಿಭಾಗ ಮಾಡುವ ದೊಡ್ಡ ಕಂಪನಿಗಳೂ ಜನ ಕಡಿತ ಮಾಡುತ್ತಿವೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇರಲು ಬಿಡುತ್ತಾರೆ, ನಿಜ. ಆದರೆ ಆ 18 ತಿಂಗಳು ಭಾಷೆ ಬರುವವರಿಗೆ ಒಂದು ಥರ, ಬಾರದವರಿಗೆ ಇನ್ನೊಂದು ಥರ. 2023–24ರ ಚಳಿಗಾಲದ ಸೆಮಿಸ್ಟರ್‌ನಲ್ಲೇ ಅಲ್ಲಿ ನಮ್ಮ ವಿದ್ಯಾರ್ಥಿಗಳು 49 ಸಾವಿರ ದಾಟಿದ್ದರು. ಹೊರದೇಶದವರಲ್ಲಿ ನಾವೇ ಮೊದಲು. ಅಷ್ಟು ಜನರ ನಡುವೆ ನಿಮ್ಮ ಮಗಳನ್ನು ಬೇರೆಯಾಗಿ ತೋರಿಸುವುದು ಜರ್ಮನ್ ಮಾತಾಡುವ ಮೆಕ್ಯಾನಿಕಲ್ ಇಂಜಿನಿಯರ್ ಅನ್ನುವ ಗುರುತು.

ಅದಕ್ಕೇ ಒಂದು ವರ್ಷ. ಈಗಿಂದಲೇ ಆನ್‌ಲೈನ್‌ನಲ್ಲಿ ಎ1 ಶುರು ಮಾಡಲಿ. ದಾವಣಗೆರೆಯಲ್ಲಿ ಕೂತೇ ಕಲಿಯಬಹುದು, ಪರೀಕ್ಷೆಗೆ ಬೆಂಗಳೂರಿನ ಇಂದಿರಾನಗರದ ಗಯೆಟೆ ಇನ್‌ಸ್ಟಿಟ್ಯೂಟ್‌ಗೆ ಹೋದರಾಯಿತು. ಡಿಗ್ರಿ ಮುಗಿದ ಮೇಲೆ ಪೀಣ್ಯದಲ್ಲೋ ಇನ್ನೆಲ್ಲೋ ಡಿಸೈನ್ ಅಥವಾ ಪ್ರೊಡಕ್ಷನ್ ಕೆಲಸಕ್ಕೆ ಸೇರಲಿ. ಸಂಬಳ ಕಡಿಮೆ ಇದ್ದರೂ ಪರವಾಗಿಲ್ಲ. ಹೊರಡುವ ಹೊತ್ತಿಗೆ ಬಿ1 ಮುಗಿದಿರಬೇಕು. ಗ್ಯಾಪ್ ಬಿತ್ತು ಅಂತ ಜರ್ಮನಿಯವರು ತಪ್ಪು ತಿಳಿಯುವುದಿಲ್ಲ, ಕೆಲಸ ಮಾಡಿದ ಪತ್ರ ಇದ್ದರೆ ಸಾಕು. ನೆಂಟರ ಮಾತಿನ ಭಯ ನನಗೆ ಅರ್ಥವಾಗುತ್ತದೆ. ಇಲ್ಲಿ ನೀವು ಗಟ್ಟಿಯಾಗಿ ನಿಲ್ಲಬೇಕಮ್ಮ. ಮಗಳು ಸುಮ್ನೆ ಮನೆಯಲ್ಲಿ ಕೂತಿಲ್ಲ, ಕೆಲಸಕ್ಕೆ ಹೋಗುತ್ತಾಳೆ, ಸಂಜೆ ಜರ್ಮನ್ ಕಲಿಯುತ್ತಾಳೆ, ಮುಂದಿನ ವರ್ಷ ಹೊರಡುತ್ತಾಳೆ. ಈ ಮಾತು ನಿಮ್ಮ ಬಾಯಿಂದ ಬಂದರೆ ಅದರ ತೂಕವೇ ಬೇರೆ. ಅವಳಿಗೆ ಅವಸರ ಇರುವುದು ಓದಿಗಿಂತ ಜಾಸ್ತಿ ಈ ಭಯಕ್ಕೇ ಇರಬಹುದು. ಒಮ್ಮೆ ಕೂರಿಸಿಕೊಂಡು ಮಾತಾಡಿ.

ಕಾಗದಪತ್ರದಲ್ಲಿ ಈ ವಾರವೇ ಮಾಡಬೇಕಾದ ಒಂದು ಕೆಲಸ ಇದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್, ಪಿಯುಸಿ, ವಿಟಿಯು, ಆಧಾರ್, ಪಾಸ್‌ಪೋರ್ಟ್ ಐದನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರು ಓದಿ. ನಮ್ಮ ಕಡೆ ಇನಿಷಿಯಲ್ ದೊಡ್ಡ ತಲೆನೋವು. ಒಂದರಲ್ಲಿ ಹೆಸರಿನ ಹಿಂದೆ ಕೆ. ಎಂ. ಇರುತ್ತದೆ, ಇನ್ನೊಂದರಲ್ಲಿ ಮುಂದೆ. ಪಾಸ್‌ಪೋರ್ಟ್‌ನಲ್ಲಿ ಊರ ಹೆಸರು, ಅಪ್ಪನ ಹೆಸರು ಬಿಡಿಸಿ ಬರೆದು ಅದೇ ಸರ್‌ನೇಮ್ ಆಗಿಬಿಟ್ಟಿರುತ್ತದೆ. ಜರ್ಮನಿಯ ಗುಮಾಸ್ತರಿಗೆ ಅದು ಇಬ್ಬರು ಬೇರೆ ಬೇರೆ ಮನುಷ್ಯರ ಹೆಸರು. ವ್ಯತ್ಯಾಸ ಇದ್ದರೆ ತಿದ್ದಿಸಬಹುದಾದದ್ದನ್ನು ಈಗಲೇ ತಿದ್ದಿಸಿ. ಉಳಿದದ್ದಕ್ಕೆ ನೋಟರಿ ಅಫಿಡವಿಟ್ ಮಾಡಿಸಿಡಿ. ಮೊದಲ ಸಲವೇ ಎಲ್ಲ ಸರಿ ಇರಬೇಕು ಅಂತ ಒತ್ತಿ ಹೇಳಲು ಕಾರಣ ಇದೆ. ವೀಸಾ ತಿರಸ್ಕಾರವಾದರೆ ಕಾನ್ಸುಲೇಟಿಗೇ ಮರುಪರಿಶೀಲನೆಗೆ ಬರೆಯುವ ಸೌಲಭ್ಯ ಮೊದಲು ಇತ್ತು. 2025ರ ಜುಲೈ 1ರಿಂದ ಅದನ್ನು ತೆಗೆದುಹಾಕಿದ್ದಾರೆ. ಈಗ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್‌ನಲ್ಲಿ ಕೋರ್ಟಿಗೆ ಹೋಗಬೇಕು.

ಈಗ ಆ 12 ಲಕ್ಷ. ಅದು ಫೀಸ್ ಅಲ್ಲ, ಯಾರಿಗೋ ಕೊಡುವ ಹಣವೂ ಅಲ್ಲ. ಮೊದಲ ವರ್ಷ ಅಲ್ಲಿ ಬದುಕಲು ಹಣ ಇದೆ ಅಂತ ವೀಸಾಗೆ ತೋರಿಸಲು, ಮಗಳ ಹೆಸರಿನಲ್ಲೇ ಬ್ಲಾಕ್ಡ್ ಅಕೌಂಟ್ ತೆರೆದು 11,904 ಯೂರೋ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಇರುವ ಮೊತ್ತ ಇದು. ಕಾಲಕಾಲಕ್ಕೆ ಏರಿಸುತ್ತಿರುತ್ತಾರೆ, ಹಾಗಾಗಿ ಸ್ವಲ್ಪ ಜಾಸ್ತಿಯೇ ಇಟ್ಟುಕೊಂಡು ಯೋಜನೆ ಮಾಡಿ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಅವಳ ಖಾತೆಗೆ ಬರುತ್ತದೆ. ಅದರಲ್ಲಿ ಬದುಕಬಹುದಾ? ಊರಿನ ಮೇಲೆ ಹೋಗುತ್ತದೆ. ಖೆಮ್ನಿಟ್ಸ್, ಮಾಗ್ಡೆಬರ್ಗ್, ಇಲ್ಮೆನೌನಂಥ ಪೂರ್ವದ ಊರುಗಳಲ್ಲಿ ಹಾಸ್ಟೆಲ್ ರೂಮಿಗೆ 300 ಯೂರೋ ಆಸುಪಾಸು, ಆರೋಗ್ಯ ವಿಮೆಗೆ ಸುಮಾರು 145, ಮನೆಯಲ್ಲೇ ಅಡುಗೆ ಮಾಡಿಕೊಂಡರೆ ಊಟಕ್ಕೆ 200. ಫೋನು, ಸೆಮಿಸ್ಟರ್ ವಂತಿಗೆಯ ಪಾಲು, ಸಣ್ಣಪುಟ್ಟ ಖರ್ಚು ಸೇರಿಸಿದರೂ ಸ್ವಲ್ಪ ಉಳಿಯುತ್ತದೆ. ಮ್ಯೂನಿಕ್‌ನಲ್ಲಿ ಬಾಡಿಗೆಯೇ 700 ದಾಟಿಬಿಡುತ್ತದೆ. ದೊಡ್ಡ ಊರಿನ ಹೆಸರಿಗೆ ಮರುಳಾಗಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಅಪ್ಪ ಅಮ್ಮಂದಿರು ಮರೆಯುವುದು ಎರಡನೇ ವರ್ಷವನ್ನು. ವಾಸದ ಪರವಾನಗಿ ನವೀಕರಿಸುವಾಗ ಮತ್ತೆ ಹಣ ಇದೆ ಅಂತ ತೋರಿಸಬೇಕು. ಎರಡು ವರ್ಷದ ಕೋರ್ಸ್ ಅಂದರೂ ಬಹಳ ಮಕ್ಕಳಿಗೆ ಐದಾರು ಸೆಮಿಸ್ಟರ್ ಹಿಡಿಯುತ್ತದೆ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ವಿವಿಯಲ್ಲೇ ಪ್ರೊಫೆಸರ್ ಕೈಕೆಳಗೆ ಸಹಾಯಕಿಯಾಗಿ ಮಾಡುವ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ವರ್ಷ ದುಡಿಮೆಯನ್ನು ಸೊನ್ನೆ ಅಂತಲೇ ಹಿಡಿಯಿರಿ. ಎರಡನೇ ವರ್ಷ ಅರ್ಧ ಖರ್ಚು ಅವಳೇ ತೂಗಿಸಬಹುದು. ಈ ಲೆಕ್ಕದಲ್ಲಿ ವಿಮಾನ, ವೀಸಾ, ಎಪಿಎಸ್, ಪರೀಕ್ಷೆ, ಚಳಿ ಬಟ್ಟೆ, ಬಾಡಿಗೆ ಮನೆಯ ಡಿಪಾಸಿಟ್ ಎಲ್ಲ ಸೇರಿಸಿ ಒಟ್ಟು 18ರಿಂದ 20 ಲಕ್ಷದ ವ್ಯವಸ್ಥೆ ಕಣ್ಣ ಮುಂದೆ ಇರಬೇಕು.

ಮನೆ ಅಡ ಇಡಬೇಕಾ ಅನ್ನುವುದಕ್ಕೆ ನನ್ನ ಉತ್ತರ: ಸರ್ಕಾರಿ ವಿವಿಯ ಅಡ್ಮಿಷನ್ ಕೈಗೆ ಬಂದ ಮೇಲೆ, ರಾಷ್ಟ್ರೀಕೃತ ಬ್ಯಾಂಕಿನಲ್ಲಿ, 15 ಲಕ್ಷದ ಒಳಗೆ ಆದರೆ ಇಡಬಹುದು. ಖಾಸಗಿ ವಿವಿಯ 35–40 ಲಕ್ಷಕ್ಕೆ ಬೇಡವೇ ಬೇಡ. ಸಾಮಾನ್ಯವಾಗಿ 7.5 ಲಕ್ಷ ದಾಟಿದರೆ ಬ್ಯಾಂಕು ಆಸ್ತಿಯ ಭದ್ರತೆ ಕೇಳುತ್ತದೆ. ಕೃಷಿ ಜಮೀನನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಮನೆ ಒಪ್ಪುತ್ತಾರೆ. ಇ-ಖಾತಾ, ಕ್ರಯಪತ್ರ, ಕಂದಾಯ ರಸೀದಿ, ಇಸಿ ಎಲ್ಲ ನೆಟ್ಟಗಿರಬೇಕು. ಮನೆಯ ಖಾತೆ ಇನ್ನೂ ಮಾವನವರ ಹೆಸರಿನಲ್ಲೇ ಇದ್ದರೆ ಈ ವರ್ಷವೇ ನಿಮ್ಮವರ ಹೆಸರಿಗೆ ಮಾಡಿಸಿಕೊಳ್ಳಿ. ಬಡ್ಡಿ ವಿಷಯ ಒಂದು ನೋಡಿ. 15 ಲಕ್ಷ, 10% ಬಡ್ಡಿ, 10 ವರ್ಷ ಅಂದರೆ ಇಎಂಐ ಸುಮಾರು 20 ಸಾವಿರ. ಓದುವ ಕಾಲ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ ಅನ್ನುತ್ತಾರೆ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಪೂರ್ತಿ ಹಣ ಮೊದಲ ದಿನವೇ ಎತ್ತಿ ಮೂರು ವರ್ಷ ಏನೂ ಕಟ್ಟದಿದ್ದರೆ ಸಾಲ 19.5 ಲಕ್ಷ ಆಗುತ್ತದೆ, ಕಂತು 26 ಸಾವಿರದ ಹತ್ತಿರ. ಅಂಗಡಿಯ ವ್ಯಾಪಾರದಿಂದ ತಿಂಗಳು ತಿಂಗಳು ಬಡ್ಡಿಯಷ್ಟನ್ನಾದರೂ ಕಟ್ಟಲು ಆಗುತ್ತದಾ ಅಂತ ಮನೆಯವರ ಜೊತೆ ಕೂತು ಲೆಕ್ಕ ಹಾಕಿ. ಅದು ಆಗುವುದಿಲ್ಲ ಅಂತಾದರೆ ಮಗಳು ಎರಡು ವರ್ಷ ದುಡಿದು ಒಂದಷ್ಟು ಕೂಡಿಟ್ಟು ಹೋಗುವುದೇ ಒಳ್ಳೆಯದು. ಇನ್ನೊಂದು ಅನುಕೂಲ ಇದೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಹಣ ಹೊರದೇಶಕ್ಕೆ ಹೋದರೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ಹಿಡಿದುಕೊಳ್ಳುವ ತೆರಿಗೆ) ಹಿಡಿಯುವುದಿಲ್ಲ. ಸ್ವಂತ ಹಣ ವರ್ಷಕ್ಕೆ 10 ಲಕ್ಷ ಮೀರಿ ಕಳಿಸಿದರೆ ಹಿಡಿಯುತ್ತಾರೆ, ಆಮೇಲೆ ರಿಟರ್ನ್ಸ್ ಹಾಕಿ ಹೊಂದಿಸಿಕೊಳ್ಳಬೇಕು. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ಹೊರದೇಶದ ಓದಿಗೆ ನೆರವು ಕೊಡುವ ರಾಜ್ಯದ ಪ್ರಬುದ್ಧ ಯೋಜನೆಯನ್ನು ತಪ್ಪದೆ ವಿಚಾರಿಸಿ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರಿಗೆ ಆಯಾ ಇಲಾಖೆ, ನಿಗಮಗಳಲ್ಲಿ ಕೇಳಿ. ಇವುಗಳಿಗೂ ಕೊನೆಯ ದಿನಾಂಕ ಇರುತ್ತದೆ.

ಒಬ್ಬಳೇ ಹೇಗಿರುತ್ತಾಳೆ ಅನ್ನುವುದು ಕೊನೆಗೆ ಕೇಳಿದ್ದೀರಿ, ಆದರೆ ನಿಮಗೆ ಅದೇ ಮೊದಲು ಅಂತ ನನಗೆ ಗೊತ್ತು. ಅಲ್ಲಿ ರಾತ್ರಿ ಟ್ರಾಮಿನಲ್ಲಿ ಹುಡುಗಿಯರು ಓಡಾಡುವುದು ಸಹಜ. ಕಷ್ಟ ಬರುವುದು ಒಂಟಿತನದಿಂದ, ಅದೂ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವಾಗ. ಹೋಗುವ ಮುಂಚೆ ಅನ್ನ, ಸಾರು, ಪಲ್ಯ, ಚಪಾತಿ ತಾನೇ ಮಾಡಿಕೊಳ್ಳುವಂತೆ ಆಗಲಿ. ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ, ಫ್ರಾಂಕ್‌ಫರ್ಟ್ ಸುತ್ತ ರೈನ್ ಮೈನ್ ಕನ್ನಡ ಸಂಘ ಇವೆ. ಯುಗಾದಿ, ರಾಜ್ಯೋತ್ಸವಕ್ಕೆ ಸೇರುತ್ತಾರೆ, ಹೊಸದಾಗಿ ಬಂದ ಮಕ್ಕಳಿಗೆ ದಾರಿ ಹೇಳುತ್ತಾರೆ.

ರೂಮಿನ ವಿಷಯದಲ್ಲಿ ಮಾತ್ರ ತುಂಬ ಹುಷಾರಾಗಿರಬೇಕು. ಅಡ್ಮಿಷನ್ ಪತ್ರ ಬಂದ ದಿನವೇ ಆ ಊರಿನ ವಿದ್ಯಾರ್ಥಿ ವಸತಿ ಸಂಸ್ಥೆಗೆ ಅರ್ಜಿ ಹಾಕಲಿ. ಅದನ್ನು ಸ್ಟುಡಿರೆಂಡೆನ್‌ವೆರ್ಕ್ ಅನ್ನುತ್ತಾರೆ, ಎಲ್ಲಕ್ಕಿಂತ ಅಗ್ಗ ಅದೇ, ಸರದಿ ಮಾತ್ರ ಉದ್ದ. ಜಾಹೀರಾತು ನೋಡಿ, ಮಾಲೀಕರು ಊರಲ್ಲಿಲ್ಲ, ಬೀಗದ ಕೈ ಕೊರಿಯರ್‌ನಲ್ಲಿ ಕಳಿಸುತ್ತಾರೆ, ಮೊದಲು ಡಿಪಾಸಿಟ್ ಹಾಕಿ ಅಂದರೆ ಅದು ಮೋಸ, ಒಂದು ಯೂರೋನೂ ಹಾಕಬಾರದು. ಮನೆಗೆ ಸೇರಿದ ಎರಡು ವಾರದೊಳಗೆ ನಗರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮಾಲೀಕರ ಸಹಿ ಇರುವ ಪತ್ರ ಬೇಕು. ಹಾಗಾಗಿ ರೂಮು ಒಪ್ಪುವ ಮೊದಲು ಆ ಪತ್ರ ಕೊಡುತ್ತೀರಾ ಅಂತ ಬರೆದು ಕೇಳಲಿ. ಕೊಡುವುದಿಲ್ಲ ಅಂದರೆ ಬಾಡಿಗೆ ಎಷ್ಟೇ ಕಡಿಮೆ ಇದ್ದರೂ ಬೇರೆ ರೂಮು ನೋಡಲಿ.